ಜೀರಿಗೆ ಬೇಸಾಯ

ಜೀರಿಗೆಯು ಕೊತ್ತಂಬರಿ, ಸೋಂಪು, ಓಮ ಮುಂತಾದವುಗಳ ಬಳಗಕ್ಕೆ ಸೇರಿದ, ಒಂದೇ ಹಂಗಾಮಿನಲ್ಲಿ ಹುಟ್ಟಿ ಬೆಳೆದು ಮುಗಿಯುವ ಸುಗಂಧ ಮೂಲಿಕೆಯಾಗಿದೆ. ಇದರ ಸಸ್ಯಶಾಸ್ತ್ರೀಯ ಹೆಸರು ಕ್ಯುಮಿನಮ್ ಸೈಮಿನಮ್, ಕುಟುಂಬ ಏಪಿಯೇಸೀ. ಜಗತ್ತಿನ ಜೀರಿಗೆಯಲ್ಲಿ ಸುಮಾರು 70 ಪ್ರತಿಶತ ಭಾರತದಲ್ಲಿ ಬೆಳೆಯುತ್ತದೆ. ಭಾರತದ ಬೆಳೆಯ ಬಹುಪಾಲು ಗುಜರಾತ್ ಮತ್ತು ರಾಜಸ್ಥಾನ ಎಂಬ ಎರಡೇ ರಾಜ್ಯಗಳದ್ದು. ಕರ್ನಾಟಕದಲ್ಲಿ ಜೀರಿಗೆ ಹಾಕದ ಸಾರು, ತಂಬುಳಿ, ಕಷಾಯಗಳಿಲ್ಲವಾದರೂ ಇದು ಇಲ್ಲಿನ ಹೊಲದ ಬೆಳೆಯಲ್ಲ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಂತಹ ಕರಾವಳಿ ಪ್ರದೇಶದಲ್ಲಿ ಇದನ್ನು ಬೆಳೆಯುವುದು ಏಕೆ ಕಠಿಣ ಎಂಬುದನ್ನು ಅರಿತರೆ ಬೆಳೆಯ ಸ್ವಭಾವವೇ ಸ್ಪಷ್ಟವಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ಆ ವಿಷಯಕ್ಕೆ ಪ್ರತ್ಯೇಕ ವಿಭಾಗವನ್ನು ನೀಡಲಾಗಿದೆ.

ಹೆಸರು ಮತ್ತು ಹೆಸರಿನ ಗೊಂದಲ

ಕನ್ನಡದ ‘ಜೀರಿಗೆ’ ಸಂಸ್ಕೃತದ ‘ಜೀರಕ’ದಿಂದ ಬಂದ ತದ್ಭವ. ಜೀರ್ಣ ಎಂಬ ಶಬ್ದಕ್ಕೂ ಇದಕ್ಕೂ ಧಾತು ಸಂಬಂಧವಿದೆ. ಸಂಸ್ಕೃತದ ವೈದ್ಯ ಗ್ರಂಥಗಳಲ್ಲಿ ‘ಅಜಾಜಿ’ ಎಂಬ ಇನ್ನೊಂದು ಹೆಸರೂ ಬರುತ್ತದೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಜೀರಗಿ’ ಎನ್ನುವರು. ಕಾರವಾರ ಭಾಗದ ಕೊಂಕಣಿಯಲ್ಲಿ ‘ಜಿರೆಂ’. ಯುರೋಪಿನ ಭಾಷೆಗಳ ‘ಕ್ಯುಮಿನ್’ ಶಬ್ದವು ಗ್ರೀಕಿನ ‘ಕೂಮಿನೋನ್’ ಮೂಲಕ ಪಶ್ಚಿಮ ಏಷ್ಯಾದ ಭಾಷೆಗಳಿಗೆ ಹೋಗಿ ಮುಟ್ಟುತ್ತದೆ. ಅರಬ್ಬಿಯಲ್ಲಿ ಇಂದಿಗೂ ‘ಕಮ್ಮೂನ್’ ಎಂದೇ ಕರೆಯುತ್ತಾರೆ.

‘ಜೀರಿಗೆ’ ಎಂಬ ಹೆಸರು ಹೊತ್ತ ಎಲ್ಲವೂ ಜೀರಿಗೆಯಲ್ಲ. ವಿದ್ಯಾರ್ಥಿಗಳಷ್ಟೇ ಅಲ್ಲ, ಔಷಧಕ್ಕಾಗಿ ಅಂಗಡಿಯಲ್ಲಿ ಕೇಳುವ ಹಿರಿಯರೂ ಇಲ್ಲಿ ಎಡವುವುದುಂಟು. ಕರಿಜೀರಿಗೆಯು ನೈಜೆಲ್ಲಾ ಸಟೈವಾ ಎಂಬ ಬೇರೆಯೇ ಕುಟುಂಬದ ಗಿಡದ ಕಪ್ಪು ಬೀಜ. ಶಾಜೀರಿಗೆ ಏಪಿಯೇಸೀ ಕುಟುಂಬದ್ದೇ ಆದರೂ ತಂಪು ಪ್ರದೇಶದ ಬೇರೆ ಗಿಡ. ಅದರ ಕಾಳು ತೆಳುವಾಗಿ, ಬಾಗಿ, ಹೆಚ್ಚು ಕಂದಾಗಿರುತ್ತದೆ. ದೊಡ್ಡ ಜೀರಿಗೆ ಎಂದರೆ ಬಡೇಸೋಂಪು. ಕಾಡುಜೀರಿಗೆಯಂತೂ ಸೇವಂತಿಗೆ, ಸೂರ್ಯಕಾಂತಿಗಳ ಕುಟುಂಬಕ್ಕೆ ಸೇರಿದ ಗಿಡದ ಕಡು ಕಹಿ ಬೀಜ. ಜಂತುಹುಳುವಿನ ನಿವಾರಣೆಗೆ ನಾಟಿ ವೈದ್ಯದಲ್ಲಿ ಬಳಕೆಯಲ್ಲಿರುವ ಇದು ಅಡುಗೆಯ ಸಾಮಗ್ರಿಯಲ್ಲ. ಒಂದರ ಬದಲು ಇನ್ನೊಂದನ್ನು ಸೇವಿಸಬಾರದು. ಮನೆಮದ್ದಿನ ಪುಸ್ತಕಗಳಲ್ಲಿ ಬರಿದೇ ‘ಕಪ್ಪು ಜೀರಿಗೆ’ ಎಂದು ಬರೆದಿದ್ದರೆ ಯಾವುದೆಂದು ವಿಚಾರಿಸದೆ ಕೊಳ್ಳದಿರುವುದೇ ಲೇಸು.

ಸಸ್ಯದ ಸ್ವರೂಪ

ಜೀರಿಗೆ ಗಿಡವು ಸಾಮಾನ್ಯವಾಗಿ 30ರಿಂದ 40 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ. ಕಾಂಡ ತೆಳು, ಬುಡದಿಂದಲೇ ಕವಲೊಡೆಯುವಂಥದ್ದು. ಎಲೆಗಳು ದಾರದಂತೆ ಸೀಳಿಕೊಂಡು ಸಬ್ಬಸಿಗೆ ಸೊಪ್ಪನ್ನು ನೆನಪಿಸುತ್ತವೆ. ಹೂಗೊಂಚಲು ಕೊಡೆಯ ಆಕಾರದ್ದು. ಒಂದೇ ಬಿಂದುವಿನಿಂದ ಹೊರಟ ಕಡ್ಡಿಗಳ ತುದಿಯಲ್ಲಿ ಪುಟ್ಟ ಬಿಳಿ ಅಥವಾ ನಸುಗೆಂಪು ಹೂಗಳಿರುತ್ತವೆ. ಪರಾಗಸ್ಪರ್ಶದಲ್ಲಿ ಜೇನುನೊಣಗಳ ಪಾತ್ರ ದೊಡ್ಡದು. ಹೂ ಬಿಟ್ಟ ಹೊಲಕ್ಕೆ ಹಗಲು ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸಬಾರದೆಂಬ ನಿಯಮಕ್ಕೆ ಇದೇ ಕಾರಣ.

ನಾವು ‘ಕಾಳು’ ಅಥವಾ ‘ಬೀಜ’ ಎಂದು ಕರೆಯುವುದು ಸಸ್ಯಶಾಸ್ತ್ರದ ಪ್ರಕಾರ ಹಣ್ಣು. ಅದು ಎರಡು ಅರೆಗಳು ಸೇರಿ ಆದ ಒಣಹಣ್ಣು. ಮೇಲ್ಮೈಯ ಉದ್ದಕ್ಕೂ ಏಣುಗಳಿದ್ದು, ಅವುಗಳ ಕೆಳಗೆ ತೈಲದ ಸೂಕ್ಷ್ಮ ನಾಳಗಳಿರುತ್ತವೆ. ಜೀರಿಗೆಯನ್ನು ಅಂಗೈಯಲ್ಲಿ ಉಜ್ಜಿದಾಗ ಒಮ್ಮೆಲೇ ಘಮ ಏಳುವುದು ಈ ನಾಳಗಳು ಒಡೆಯುವುದರಿಂದ. ಕಾಳಿನಲ್ಲಿ ಸಾಮಾನ್ಯವಾಗಿ 2.5ರಿಂದ 4.5 ಪ್ರತಿಶತ ಆವಿಶೀಲ ತೈಲವಿದ್ದು, ಅದರ ಮುಖ್ಯ ಘಟಕ ಕ್ಯುಮಿನಾಲ್ಡಿಹೈಡ್. ಪುಡಿ ಮಾಡಿಟ್ಟ ಜೀರಿಗೆ ಬೇಗನೆ ಪರಿಮಳ ಕಳೆದುಕೊಳ್ಳುತ್ತದೆ. ತೈಲ ಗಾಳಿಗೆ ಹೋಗುವುದೇ ಇದರ ಕಾರಣ.

ಮೂಲ ಮತ್ತು ಹಿನ್ನೆಲೆ

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಿಂದ ಇರಾನಿನವರೆಗಿನ ಒಣ ಸೀಮೆಯನ್ನು ಜೀರಿಗೆಯ ತವರೆಂದು ಪರಿಗಣಿಸಲಾಗಿದೆ. ಗ್ರೀಸಿನ ಮೈಸೀನಿಯನ್ ಕಾಲದ ಮಣ್ಣಿನ ಫಲಕಗಳಲ್ಲಿ ಇದರ ಹೆಸರು ಸಿಗುತ್ತದೆ. ಬೈಬಲಿನ ಯೆಶಾಯ ಗ್ರಂಥದಲ್ಲಿ ಜೀರಿಗೆಯ ಮೇಲೆ ಬಂಡಿಯ ಚಕ್ರವನ್ನು ಹಾಯಿಸದೆ ಕೋಲಿನಿಂದ ಬಡಿದು ಕಾಳು ಬಿಡಿಸುವ ಉಲ್ಲೇಖವಿದೆ. ಗುಜರಾತಿನ ಸಣ್ಣ ರೈತರ ಕಣದಲ್ಲಿಯೂ ಹಳೆಯ ರೂಢಿ ಅದೇ. ಭಾರಿ ತುಳಿತಕ್ಕೆ ಕಾಳು ಒಡೆದರೆ ತೈಲ ನಷ್ಟವಾಗುವುದೆಂಬ ತಿಳಿವಳಿಕೆ ಅಷ್ಟು ಹಳೆಯದು.

ಕಾರವಾರವು ಸಂಬಾರ ವ್ಯಾಪಾರದ ಇತಿಹಾಸದಲ್ಲಿ ಹೆಸರಾದುದು ಕಾಳುಮೆಣಸಿನಿಂದ. 1638ರಲ್ಲಿ ಇಂಗ್ಲಿಷರ ಕೋರ್ಟೀನ್ ಸಂಘವು ಇಲ್ಲಿ ಕೋಠಿ ತೆರೆದುದರ ಹಿಂದೆ ಘಟ್ಟದ ಮೆಣಸಿನ ಆಕರ್ಷಣೆಯಿತ್ತು. ಮೆಣಸು ಮಳೆಯ ನಾಡಿನ ಬಳ್ಳಿ, ಜೀರಿಗೆ ಒಣನಾಡಿನ ಮೂಲಿಕೆ. ಒಂದೇ ಸಂಬಾರ ಬಟ್ಟಲಿನಲ್ಲಿ ಅಕ್ಕಪಕ್ಕ ಕುಳಿತರೂ ಇವೆರಡರ ನೆಲ ಒಂದಲ್ಲ.

ಹವಾಮಾನ ಮತ್ತು ಮಣ್ಣು

ಜೀರಿಗೆಯು ಹಿಂಗಾರಿನ ಬೆಳೆ. ಇದಕ್ಕೆ ಬೇಕಾದುದು ತಂಪಾದ, ಒಣ, ಮೋಡವಿಲ್ಲದ ಚಳಿಗಾಲ. ಬಿತ್ತುವಾಗ ಹಗಲಿನ ಉಷ್ಣಾಂಶ 24ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದು, ಗಿಡ ಬೆಳೆಯುವಾಗ ಇನ್ನಷ್ಟು ತಂಪಾಗಿ, ಕಾಳು ಮಾಗುವಾಗ ಮತ್ತೆ ಒಣ ಬಿಸಿಲು ಬಂದರೆ ಉತ್ತಮ. ಹಿಮಗಟ್ಟುವ ಚಳಿಯನ್ನು ಹೂ ಮತ್ತು ಎಳೆಗಾಯಿಗಳು ತಡೆಯಲಾರವು. ಗಾಳಿಯಲ್ಲಿ ತೇವವಿದ್ದರೆ ರೋಗ. ರಾಜಸ್ಥಾನದ ಬಾರ್ಮೇರ್, ಜಾಲೋರ್, ಜೋಧ್‌ಪುರ, ನಾಗೌರ್ ಜಿಲ್ಲೆಗಳೂ ಗುಜರಾತಿನ ಬನಾಸ್‌ಕಾಂಠಾ, ಪಾಟಣ, ಸುರೇಂದ್ರನಗರ, ಕಛ್ ಮುಂತಾದ ಜಿಲ್ಲೆಗಳೂ ಈ ಬೆಳೆಯ ಕೇಂದ್ರಗಳಾಗಿರುವುದು ಈ ಕಾರಣದಿಂದಲೇ. ಬೇರೆ ಬೆಳೆಗಳಿಗೆ ಶಾಪವಾದ ಶುಷ್ಕತೆ ಜೀರಿಗೆಗೆ ವರವಾಗಿದೆ.

ನೀರು ಬಸಿದು ಹೋಗುವ ಮರಳುಮಿಶ್ರಿತ ಗೋಡು ಮಣ್ಣು ಶ್ರೇಷ್ಠ. ರಸಸಾರ ತಟಸ್ಥ ಅಥವಾ ಸ್ವಲ್ಪ ಕ್ಷಾರೀಯವಾಗಿರಬೇಕು. ಜಿಗುಟು ಮಣ್ಣಿನಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ಬಿತ್ತನೆ

ನವೆಂಬರ್ ತಿಂಗಳ ಮೊದಲ ಮೂರು ವಾರಗಳು ಬಿತ್ತನೆಗೆ ಸೂಕ್ತ ಕಾಲ. ಭೂಮಿಯನ್ನು ಎರಡು ಮೂರು ಬಾರಿ ಉತ್ತು, ಹೆಂಟೆಯೊಡೆದು, ಹೆಕ್ಟೇರಿಗೆ ಸುಮಾರು 10 ಟನ್ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೀರು ಹಾಯಿಸಲು ಅನುಕೂಲವಾಗುವಂತೆ ಸಣ್ಣ ಮಡಿಗಳನ್ನು ಮಾಡುತ್ತಾರೆ. ಹೆಕ್ಟೇರಿಗೆ 12ರಿಂದ 15 ಕಿಲೋಗ್ರಾಂ ಬೀಜ ಸಾಕು. ಬೀಜವನ್ನು ಸುಮಾರು ಎಂಟು ಗಂಟೆ ನೆನೆಸಿ, ನೆರಳಿನಲ್ಲಿ ಆರಿಸಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದಿಂದ ಉಪಚರಿಸಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುವುದಲ್ಲದೆ ಸೊರಗು ರೋಗದ ಬಾಧೆಯೂ ಕಡಿಮೆಯಾಗುತ್ತದೆ. ಕೈಯಿಂದ ಎರಚಿ ಬಿತ್ತುವುದು ಹಳೆಯ ಪದ್ಧತಿ. 25ರಿಂದ 30 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ಬಿತ್ತುವುದು ಒಳ್ಳೆಯದು. ಕಳೆ ತೆಗೆಯಲು ಹೊಲದೊಳಗೆ ಕಾಲಿಡಲಾದರೂ ಜಾಗ ಬೇಕಲ್ಲ. ಬೀಜ ಒಂದೂವರೆ ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು.

ಗುಜರಾತಿನ ಜಗುದಣ ಸಂಶೋಧನಾ ಕೇಂದ್ರದ ಗುಜರಾತ್ ಜೀರಿಗೆ–4 ತಳಿಯು ಸೊರಗು ರೋಗವನ್ನು ತಕ್ಕಮಟ್ಟಿಗೆ ತಾಳಿಕೊಳ್ಳುವುದರಿಂದ ಬಹು ವ್ಯಾಪಕವಾಗಿದೆ. ರಾಜಸ್ಥಾನದ ಜೋಬ್‌ನೇರ್‌ನಿಂದ ಬಂದ ಆರ್‌ಜೆಡ್–19, ಆರ್‌ಜೆಡ್–209, ಆರ್‌ಜೆಡ್–223 ತಳಿಗಳೂ ಬಳಕೆಯಲ್ಲಿವೆ. ಅಜ್ಮೇರ್ ಬಳಿಯ ತಬೀಜಿಯಲ್ಲಿ 2000ದಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಬೀಜ ಸಂಬಾರ ಸಂಶೋಧನಾ ಕೇಂದ್ರವು ಜೀರಿಗೆ, ಕೊತ್ತಂಬರಿ, ಮೆಂತ್ಯ, ಸೋಂಪು ಮೊದಲಾದ ಬೀಜರೂಪದ ಸಂಬಾರ ಬೆಳೆಗಳಿಗೆಂದೇ ಮೀಸಲಾದ ಸಂಸ್ಥೆಯಾಗಿದೆ.

ನೀರು ಮತ್ತು ಕಳೆ

ಬಿತ್ತಿದ ಕೂಡಲೇ ಒಂದು ಹಗುರವಾದ ನೀರು, ಎಂಟು ಹತ್ತು ದಿನಗಳಲ್ಲಿ ಮೊಳಕೆಯ ಹೊತ್ತಿಗೆ ಇನ್ನೊಂದು. ಆ ಬಳಿಕ ಮಣ್ಣನ್ನು ನೋಡಿ 20ರಿಂದ 25 ದಿನಗಳಿಗೊಮ್ಮೆ ಹಾಯಿಸಿದರೆ ಸಾಕು. ಮೊದಲ ನೀರು ರಭಸವಾಗಿ ಹರಿದರೆ ಬೀಜವೆಲ್ಲ ಮಡಿಯ ಮೂಲೆಗೆ ಕೊಚ್ಚಿಹೋಗುತ್ತದೆ. ಕಾಳು ಬಲಿತ ಮೇಲೆ ನೀರನ್ನು ಪೂರ್ತಿ ನಿಲ್ಲಿಸಬೇಕು. ಆಗ ಕೊಟ್ಟ ನೀರು ಇಳುವರಿಯನ್ನು ಹೆಚ್ಚಿಸುವುದಿಲ್ಲ, ರೋಗವನ್ನು ಹೆಚ್ಚಿಸುತ್ತದೆ. ಹನಿ ನೀರಾವರಿಯಲ್ಲಿ ಗಿಡದ ಮೈ ಒದ್ದೆಯಾಗದು ಎಂಬ ಲಾಭವಿದೆ.

ಎಳೆಯ ಜೀರಿಗೆ ಗಿಡ ಬಹಳ ನಿಧಾನವಾಗಿ ಬೆಳೆಯುತ್ತದೆ. ಮೊದಲ ಒಂದೂವರೆ ಎರಡು ತಿಂಗಳು ಕಳೆಯ ಎದುರು ಅದಕ್ಕೆ ಶಕ್ತಿಯೇ ಇಲ್ಲ. ಬಿತ್ತಿದ 25–30 ದಿನಗಳಿಗೊಮ್ಮೆ, ಮತ್ತೆ 50–55 ದಿನಗಳಿಗೊಮ್ಮೆ ಕೈಗಳೆ ಅನಿವಾರ್ಯ. ಗುಜರಾತ್, ರಾಜಸ್ಥಾನಗಳಲ್ಲಿ ‘ಜೀರಾಳೋ’ ಎಂಬ ಇಸಬಗೋಲಿನ ಜಾತಿಯ ಕಳೆಯೊಂದಿದೆ. ಎಳೆಯದಿದ್ದಾಗ ಅದನ್ನು ಜೀರಿಗೆ ಗಿಡದಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಅದರ ಬೀಜವೂ ಜೀರಿಗೆಯೊಡನೆ ಬೆರೆತು ಮಾರುಕಟ್ಟೆಗೆ ಬರುತ್ತದೆ. ಬೆಳೆಯ ವೇಷ ಹಾಕಿ ಬೆಳೆಯ ಜೊತೆಗೇ ಬದುಕುವ ಕಳೆಗಳಿಗೆ ಇದೊಂದು ಒಳ್ಳೆಯ ಉದಾಹರಣೆ.

ರೋಗಗಳು

ಜೀರಿಗೆ ರೈತನ ಆತಂಕವೆಲ್ಲ ಆಕಾಶದ ಕಡೆಗಿರುತ್ತದೆ. ಹೂ ಬಿಡುವ ಹೊತ್ತಿನಲ್ಲಿ ಎರಡು ಮೂರು ದಿನ ಮೋಡ ಕವಿದರೆ, ಅಥವಾ ಸಣ್ಣದೊಂದು ಮಳೆ ಬಿದ್ದರೆ, ಆಲ್ಟರ್ನೇರಿಯಾ ಬರ್ನ್ಸಿಯೈ ಎಂಬ ಶಿಲೀಂಧ್ರದಿಂದ ಅಂಗಮಾರಿ ರೋಗ ಕಾಣಿಸಿಕೊಳ್ಳುತ್ತದೆ. ಎಲೆ ಕಾಂಡಗಳ ಮೇಲೆ ಕಂದು ಚುಕ್ಕೆಗಳು ಮೂಡಿ, ಕಪ್ಪಾಗಿ, ಹೂಗೊಂಚಲು ತಲೆಬಾಗಿ ಒಣಗುತ್ತದೆ. ಅನುಕೂಲ ಹವೆ ಸಿಕ್ಕಿದರೆ ಕೆಲವೇ ದಿನಗಳಲ್ಲಿ ಇಡೀ ಹೊಲ ಸುಟ್ಟಂತೆ ಕಾಣುತ್ತದೆ. ರೋಗ ಕಂಡ ಮೇಲೆ ಓಡಾಡುವುದಕ್ಕಿಂತ ಮೋಡ ಕಂಡೊಡನೆ ಮ್ಯಾಂಕೋಜೆಬ್‌ನಂತಹ ಶಿಲೀಂಧ್ರನಾಶಕವನ್ನು ಶಿಫಾರಸಿನ ಪ್ರಮಾಣದಲ್ಲಿ ಸಿಂಪಡಿಸುವುದು ವಾಡಿಕೆ.

ಎರಡನೆಯ ಶತ್ರು ಸೊರಗು ರೋಗ. ಇದಕ್ಕೆ ಕಾರಣವಾದ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದ ಒಂದೇ ಹೊಲದಲ್ಲಿ ವರ್ಷ ವರ್ಷವೂ ಜೀರಿಗೆ ಹಾಕುವವರು ಕೊನೆಗೆ ಬೆಳೆಯನ್ನೇ ಕೈಬಿಡಬೇಕಾಗುತ್ತದೆ. ಕನಿಷ್ಠ ಮೂರು ವರ್ಷಗಳ ಬೆಳೆ ಪರಿವರ್ತನೆ, ಬೇಸಿಗೆಯ ಆಳವಾದ ಉಳುಮೆ, ಬೀಜೋಪಚಾರ ಇವೇ ಪರಿಹಾರ; ಒಮ್ಮೆ ಸೊರಗಿದ ಗಿಡಕ್ಕೆ ಮದ್ದಿಲ್ಲ. ಬೂದಿ ರೋಗಕ್ಕೆ ಗಂಧಕದ ಪುಡಿ ಎರಚುತ್ತಾರೆ. ಹೇನುಗಳು ಹೂಗೊಂಚಲಿನ ರಸ ಹೀರುತ್ತವೆ.

ಔಷಧ ಸಿಂಪಡಣೆ ಮಿತಿಮೀರಿದರೆ ಅದರ ಶೇಷಾಂಶ ಕಾಳಿನಲ್ಲಿ ಉಳಿಯುತ್ತದೆ. ಯುರೋಪು, ಜಪಾನುಗಳಂತಹ ದೇಶಗಳು ಇದಕ್ಕೆ ಕಟ್ಟುನಿಟ್ಟಿನ ಮಿತಿಯನ್ನು ವಿಧಿಸಿವೆ. ಅದೇ ಜೀರಿಗೆಯನ್ನು ದಿನನಿತ್ಯ ಉಣ್ಣುವವರು ನಾವೂ ಹೌದಾದುದರಿಂದ ಇದನ್ನು ರಫ್ತಿನ ಪ್ರಶ್ನೆಯಾಗಿ ಮಾತ್ರ ನೋಡುವುದು ಸರಿಯಲ್ಲ.

ಕೊಯ್ಲು ಮತ್ತು ಒಕ್ಕಣೆ

ಬಿತ್ತಿದ 100ರಿಂದ 120 ದಿನಗಳಲ್ಲಿ, ಎಂದರೆ ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ, ಬೆಳೆ ಕೊಯ್ಲಿಗೆ ಬರುತ್ತದೆ. ಗಿಡ ಹಳದಿಯಾಗಿ, ಕಾಳು ಹಸಿರು ಬಿಟ್ಟು ಕಂದುಬೂದು ಬಣ್ಣಕ್ಕೆ ತಿರುಗುವುದೇ ಸೂಚನೆ. ಅವಸರಿಸಿ ಕೊಯ್ದರೆ ಕಾಳು ಜೊಳ್ಳಾಗಿ ಬಣ್ಣಗೆಡುತ್ತದೆ. ತಡಮಾಡಿದರೆ ಹೊಲದಲ್ಲೇ ಉದುರುತ್ತದೆ. ಒಂದು ವಾರದ ಈ ಸಂದಿನಲ್ಲಿ ಮಳೆ ಬಂದರೆ ವರ್ಷದ ದುಡಿಮೆ ಕಪ್ಪಾಗಿ ಹೋಗುತ್ತದೆ.

ಕೊಯ್ಲನ್ನು ಬೆಳಗಿನ ಜಾವ, ಇಬ್ಬನಿಯ ತೇವ ಇರುವಾಗಲೇ ಮಾಡುತ್ತಾರೆ. ಬಿಸಿಲೇರಿ ಗಿಡ ಗರಿಗರಿಯಾದ ಮೇಲೆ ಕೈಯಿಟ್ಟರೆ ಕಾಳು ಉದುರುವುದು ಹೆಚ್ಚು. ಗಿಡ ಚಿಕ್ಕದಾದುದರಿಂದ ಬುಡಸಮೇತ ಕೀಳುವುದೂ ಉಂಟು, ಕುಡುಗೋಲಿನಿಂದ ಕೊಯ್ಯುವುದೂ ಉಂಟು. ಕಿತ್ತರೆ ಬೇರಿನ ಮಣ್ಣು, ಕಲ್ಲು ರಾಶಿಗೆ ಸೇರುತ್ತದೆ. ಶುದ್ಧ ಸರಕು ಬೇಕಾದವರು ಕೊಯ್ಯುವುದೇ ಒಳ್ಳೆಯದು. ಸಣ್ಣ ಸಣ್ಣ ಕುಪ್ಪೆಗಳಾಗಿ ಒಟ್ಟಿ, ಗಟ್ಟಿ ಕಣದಲ್ಲಿ ಅಥವಾ ತಾಡಪಾಲಿನ ಮೇಲೆ ಒಣಗಿಸಿ, ಕೋಲಿನಿಂದ ಹಗುರವಾಗಿ ಬಡಿದು, ಗಾಳಿಗೆ ತೂರಿ, ಜರಡಿ ಹಿಡಿಯುತ್ತಾರೆ. ಈಗ ಒಕ್ಕಣೆ ಯಂತ್ರಗಳ ಬಳಕೆಯೂ ಹೆಚ್ಚಾಗಿದೆ. ತೇವಾಂಶ 8ರಿಂದ 10 ಪ್ರತಿಶತಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬುವುದು. ಕಡುಬಿಸಿಲಿನಲ್ಲಿ ದಿನಗಟ್ಟಲೆ ಒಣಗಿಸಿದರೆ ತೈಲ ಕಳೆದು ಕಾಳು ಸಪ್ಪೆಯಾಗುತ್ತದೆ.

ಇಳುವರಿ ಮತ್ತು ಮಾರುಕಟ್ಟೆ

ಸರಾಸರಿ ಇಳುವರಿ ಹೆಕ್ಟೇರಿಗೆ 5 ಕ್ವಿಂಟಾಲಿನ ಆಸುಪಾಸಿನಲ್ಲಿದೆ. ಒಳ್ಳೆಯ ನಿರ್ವಹಣೆಯಲ್ಲಿ 8ರಿಂದ 10 ಕ್ವಿಂಟಾಲ್ ತೆಗೆದವರಿದ್ದಾರೆ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಊಂಝಾ ಪಟ್ಟಣದ ಕೃಷಿ ಮಾರುಕಟ್ಟೆಯು ಜೀರಿಗೆಯ ಅತಿ ದೊಡ್ಡ ಪೇಟೆ. ಜಗತ್ತಿನ ಜೀರಿಗೆ ಬೆಲೆ ಅಲ್ಲಿನ ಹರಾಜಿನೊಂದಿಗೆ ಏರಿಳಿಯುತ್ತದೆ. ಸಿರಿಯಾ, ಟರ್ಕಿ, ಇರಾನ್, ಅಫ್ಘಾನಿಸ್ತಾನ, ಚೀನಾ ದೇಶಗಳಲ್ಲಿಯೂ ಜೀರಿಗೆ ಬೆಳೆಯುತ್ತಾರೆ.

ಬೆಲೆ ಏರಿಳಿತ ಈ ಬೆಳೆಯ ಜನ್ಮಗುಣ. 2023ರಲ್ಲಿ ಹಿಂದಿನ ದಾಸ್ತಾನು ಕಡಿಮೆಯಿದ್ದು, ಕೊಯ್ಲಿನ ಕಾಲದಲ್ಲಿ ಅಕಾಲ ಮಳೆಯೂ ಬಿದ್ದು ಬೆಲೆ ಕ್ವಿಂಟಾಲಿಗೆ 60,000 ರೂಪಾಯಿಯನ್ನು ದಾಟಿತ್ತು. ಆ ಬೆಲೆಯನ್ನು ನೋಡಿ ಮರು ಹಂಗಾಮಿನಲ್ಲಿ ಎಲ್ಲರೂ ಜೀರಿಗೆ ಬಿತ್ತಿದರು. 2024ರ ಕೊಯ್ಲು ಬರುವಷ್ಟರಲ್ಲಿ ಬೆಲೆ ಅದರ ಅರ್ಧಕ್ಕಿಂತ ಕೆಳಗೆ ಇಳಿಯಿತು. ಏರಿದ ಬೆಲೆ ನೋಡಿ ಬಿತ್ತಿದವನಿಗೆ ಇಳಿದ ಬೆಲೆ ಸಿಗುವ ಈ ಚಕ್ರ ಈರುಳ್ಳಿ, ಶುಂಠಿ ಬೆಳೆಗಾರರಿಗೆ ಹೊಸತಲ್ಲ.

ಕಾರವಾರ ಮತ್ತು ಅಂಕೋಲಾ ಕರಾವಳಿಯಲ್ಲಿ

ಕಾರವಾರದ ಭಾನುವಾರದ ಸಂತೆಯಲ್ಲಾಗಲಿ ಅಂಕೋಲೆಯ ಪೇಟೆಯಲ್ಲಾಗಲಿ ಹಾಲಕ್ಕಿ ಒಕ್ಕಲಿಗ ಮಹಿಳೆಯರು ತಾವೇ ಬೆಳೆದು ತಂದ ಸೊಪ್ಪು, ಬದನೆ, ಮೂಲಂಗಿ, ಗೆಣಸುಗಳು ಸಿಗುತ್ತವೆ. ಜೀರಿಗೆ ಮಾತ್ರ ಕಿರಾಣಿ ಅಂಗಡಿಯದ್ದು, ಹೊರನಾಡಿನಿಂದ ಬಂದುದು. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಉಳಿದ ತೇವವನ್ನೇ ನಂಬಿ ಶೇಂಗಾ, ದ್ವಿದಳ ಧಾನ್ಯ, ತರಕಾರಿಗಳನ್ನು ಎಬ್ಬಿಸಬಲ್ಲ ಈ ಸೀಮೆಯ ಒಕ್ಕಲುತನಕ್ಕೆ ಜೀರಿಗೆ ಒಗ್ಗದಿರುವುದು ಕೌಶಲದ ಕೊರತೆಯಿಂದಲ್ಲ.

ಮೊದಲನೆಯ ಅಡ್ಡಿ ಗಾಳಿಯ ತೇವ. ಈ ಕರಾವಳಿಗೆ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಾರ್ಮೇರ್, ಜಾಲೋರ್ ಸೀಮೆಯಲ್ಲಿ 400 ಮಿಲಿಮೀಟರ್ ಆದರೆ ಒಳ್ಳೆಯ ವರ್ಷ. ನವೆಂಬರ್ ನಂತರ ಇಲ್ಲಿ ಮಳೆ ನಿಂತರೂ ಅರಬ್ಬೀ ಸಮುದ್ರ ಪಕ್ಕದಲ್ಲೇ ಇದೆ. ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಇಬ್ಬನಿ ದಟ್ಟವಾಗಿ, ಕಾಳಿ ಮತ್ತು ಗಂಗಾವಳಿ ನದಿಗಳ ಇಕ್ಕೆಲಗಳಲ್ಲಿ ಹೊತ್ತೇರುವವರೆಗೂ ಎಲೆಗಳು ಒದ್ದೆಯಾಗಿರುತ್ತವೆ. ಜೀರಿಗೆ ಹೂ ಬಿಡುವ ಸಮಯವೂ ಅದೇ. ಅಂಗಮಾರಿಯ ಶಿಲೀಂಧ್ರಕ್ಕೆ ಇದಕ್ಕಿಂತ ಒಳ್ಳೆಯ ಆತಿಥ್ಯ ಬೇರೆಲ್ಲೂ ಸಿಗಲಾರದು. ಮಾವಿನ ಹೂವಿಗೆ ಬೂದಿ ರೋಗ ಬರುವ ವರ್ಷಗಳನ್ನು ನೆನಪಿಟ್ಟುಕೊಂಡವರಿಗೆ ಇದು ಬೇಗ ಅರ್ಥವಾದೀತು.

ಎರಡನೆಯದು ಚಳಿಯ ಅಭಾವ. ಇಲ್ಲಿ ಚಳಿಗಾಲದ ರಾತ್ರಿಗಳಲ್ಲೂ ಉಷ್ಣಾಂಶ ಸಾಮಾನ್ಯವಾಗಿ 18–20 ಡಿಗ್ರಿಗಿಂತ ಬಹಳ ಕೆಳಕ್ಕೆ ಹೋಗುವುದಿಲ್ಲ. ಬೆಚ್ಚಗಿನ ರಾತ್ರಿಯಲ್ಲಿ ಗಿಡ ಅವಸರದಿಂದ ಹೂವಿಗೆ ಬಂದು, ಮೈ ತುಂಬಿಕೊಳ್ಳುವ ಮೊದಲೇ ಮುಗಿದುಬಿಡುತ್ತದೆ.

ಮೂರನೆಯದು ಮಣ್ಣು. ಗುಡ್ಡದ ಜಂಬಿಟ್ಟಿಗೆ ಮಣ್ಣು ಹುಳಿಯಾದದ್ದು. ಮಳೆ ಅದರ ಸುಣ್ಣದ ಅಂಶವನ್ನು ತೊಳೆದೊಯ್ದಿದೆ. ಬೈಲಿನ ಗದ್ದೆಗಳಲ್ಲಿ ನೀರು ಬಸಿಯದು. ಸಮುದ್ರದ ಉಬ್ಬರದ ನೀರು ನುಗ್ಗುವ ಗಜನಿ ಭೂಮಿಯದು ಬೇರೆಯೇ ಲೋಕ. ಕಗ್ಗ ಭತ್ತದಂತಹ ಉಪ್ಪು ತಾಳುವ ತಳಿಗಳ ನೆಲೆ ಅದು. ಕಡಲ ತೀರದ ಮರಳುಮಿಶ್ರಿತ ಮಣ್ಣಿನಲ್ಲಿ ಮಾತ್ರ ನೀರು ಬಸಿಯುವ ಗುಣವಿದೆ.

ಇಷ್ಟಾದರೂ ಶಾಲೆಯ ಕೈತೋಟದಲ್ಲಿಯೋ ಮನೆಯ ಹಿತ್ತಿಲಿನಲ್ಲಿಯೋ ಪ್ರಯೋಗಕ್ಕಾಗಿ ನಾಲ್ಕು ಗಿಡ ಬೆಳೆಸುವುದು ಅಸಾಧ್ಯವೇನಲ್ಲ. ನವೆಂಬರ್ ಕೊನೆಯಲ್ಲಿ ಮಳೆ ಖಚಿತವಾಗಿ ನಿಂತ ಮೇಲೆ, ಎತ್ತರಿಸಿದ ಮಡಿಯಲ್ಲಿ ಅಥವಾ ಅಗಲವಾದ ಕುಂಡದಲ್ಲಿ, ಮರಳು ಮತ್ತು ಕಳಿತ ಗೊಬ್ಬರ ಬೆರೆಸಿದ ಮಣ್ಣಿಗೆ ಸ್ವಲ್ಪ ಸುಣ್ಣ ಸೇರಿಸಿ ಬಿತ್ತಬೇಕು. ಹುರಿಯದ, ಹೊಸ ಜೀರಿಗೆಯಾಗಿದ್ದರೆ ಅಂಗಡಿಯದ್ದೂ ಬಹುಮಟ್ಟಿಗೆ ಮೊಳೆಯುತ್ತದೆ. ದಿನವಿಡೀ ಬಿಸಿಲು ಬೀಳುವ, ಗಾಳಿಯಾಡುವ ಜಾಗವಿರಲಿ. ನೀರನ್ನು ಬುಡಕ್ಕೆ ಮಾತ್ರ, ಬೆಳಗಿನಲ್ಲಿ ಹಾಕಬೇಕು. ಗಿಡಗಳ ನಡುವೆ ಒಂದು ಗೇಣು ಅಂತರ ಬಿಟ್ಟರೆ ಇಬ್ಬನಿ ಬೇಗ ಆರುತ್ತದೆ. ಮೊಳಕೆ ಬರಲು ಒಂದೂವರೆ ವಾರವಾದರೂ ಬೇಕಾಗುವುದರಿಂದ ಅಷ್ಟರಲ್ಲಿ ಕೆದಕಿ ನೋಡುವ ಆತುರವನ್ನು ಮಕ್ಕಳು ತಡೆದುಕೊಳ್ಳಬೇಕು. ಒಂದೆರಡು ಹಿಡಿ ಕಾಳು ಸಿಕ್ಕಿದರೆ ಪ್ರಯೋಗ ಗೆದ್ದಂತೆ. ಕೊಡೆಯಾಕಾರದ ಹೂಗೊಂಚಲು, ಒಡೆಯುವ ಒಣಹಣ್ಣು, ತೈಲನಾಳ ಮುಂತಾದ ಪಾಠಗಳನ್ನು ಕಣ್ಣಾರೆ ತೋರಿಸಲು ಈ ಗಿಡಗಳು ಸಾಕು.

ವಾಣಿಜ್ಯ ದೃಷ್ಟಿಯಿಂದ ನೋಡಿದರೆ ಲೆಕ್ಕ ಬೇರೆ. ಹೆಕ್ಟೇರಿಗೆ 5 ಕ್ವಿಂಟಾಲ್ ಎಂದರೆ ಗುಂಟೆಗೆ ಸುಮಾರು 5 ಕಿಲೋಗ್ರಾಂ. 2023ರ ಆ ಅಸಾಧಾರಣ ಬೆಲೆಯಲ್ಲಿ, ರಾಜಸ್ಥಾನದಷ್ಟೇ ಇಳುವರಿ ಬಂದಿತೆಂದು ಭಾವಿಸಿದರೂ, ಗುಂಟೆಗೆ ಸಿಗುವುದು ಸುಮಾರು 3,000 ರೂಪಾಯಿ. ಎರಡು ಕೈಗಳೆ, ಸಿಂಪಡಣೆ, ಕೊಯ್ಲಿನ ಕೂಲಿಗಳನ್ನು ಅದರಲ್ಲಿ ಕಳೆಯಬೇಕು. ಕರಾವಳಿಯಲ್ಲಿ ಆ ಇಳುವರಿ ಬರುವ ಸಂಭವವೇ ಇಲ್ಲವಾದುದರಿಂದ, ಬೆಲೆಯ ಸುದ್ದಿ ಓದಿ ಗದ್ದೆಗೆ ಜೀರಿಗೆ ಹಾಕಲು ಹೊರಡುವುದು ಬೀಜದ ಹಣವನ್ನೂ ಕಳೆದುಕೊಳ್ಳುವ ದಾರಿ. ಇದೇ ನೆಲಕ್ಕೆ ಒಗ್ಗಿದ ಸುಗಂಧ ಮತ್ತು ಸಂಬಾರ ಬೆಳೆಗಳು ಅನೇಕವಿವೆ. ಅಡಿಕೆ, ತೆಂಗಿನ ನಡುವಿನ ಕಾಳುಮೆಣಸು, ದಾಲ್ಚಿನ್ನಿ, ಜಾಯಿಕಾಯಿ, ಬೇಣದ ಮುರುಗಲು, ಮಣ್ಣು ಕೊಚ್ಚಿಹೋಗದಂತೆ ಹಿಡಿಯುವ ಲಾವಂಚ, ಹಿತ್ತಿಲಿನ ಅರಿಶಿನ, ಮಾವಿನ ಶುಂಠಿ. ಬೀಜರೂಪದ ಸಂಬಾರವೇ ಬೇಕೆನ್ನುವವರಿಗೆ ಘಟ್ಟದ ಮೇಲೆ, ಧಾರವಾಡ, ಗದಗಗಳ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಕೊತ್ತಂಬರಿ ಬೆಳೆಯುವ ಪರಂಪರೆಯಿದೆ.

ಕಲಬೆರಕೆ

ಬೆಲೆಯುಳ್ಳ ವಸ್ತುವಿಗೆ ಕಲಬೆರಕೆ ತಪ್ಪಿದ್ದಲ್ಲ. ತೈಲ ತೆಗೆದ ಹಳೆಯ ಜೀರಿಗೆ, ಮಣ್ಣು, ಕಡ್ಡಿಗಳಲ್ಲದೆ ಬಣ್ಣ ಹಚ್ಚಿದ ಹುಲ್ಲಿನ ಬೀಜವನ್ನೂ ಬೆರೆಸುವುದುಂಟು. 2019ರಲ್ಲಿ ದೆಹಲಿಯ ಬವಾನಾದಲ್ಲಿ ಪೊರಕೆ ಹುಲ್ಲಿನ ಬೀಜ, ಬೆಲ್ಲದ ಪಾಕ ಮತ್ತು ಕಲ್ಲಿನ ಪುಡಿಯಿಂದ ‘ಜೀರಿಗೆ’ ತಯಾರಿಸುತ್ತಿದ್ದ ಘಟಕವನ್ನು ಪೊಲೀಸರು ಪತ್ತೆಹಚ್ಚಿದ್ದರು. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ ಸುಲಭ. ಸ್ವಲ್ಪ ಜೀರಿಗೆಯನ್ನು ಅಂಗೈಯಲ್ಲಿಟ್ಟು ಉಜ್ಜಬೇಕು; ಕೈ ಕಪ್ಪಾದರೆ ಇದ್ದಿಲಿನ ಪುಡಿ ಹಚ್ಚಿದ ಬೀಜ ಸೇರಿದೆಯೆಂದು ತಿಳಿಯಬೇಕು. ನೀರಿಗೆ ಹಾಕಿದಾಗ ಕರಗಿ ಬಣ್ಣ ಬಿಟ್ಟರೂ ಸಂಶಯಿಸಬೇಕು. ಏಣುಗಳಿಲ್ಲದ ನುಣುಪಾದ ಕಾಳು ಜೀರಿಗೆಯಲ್ಲ.

ಬಳಕೆ

ಉತ್ತರ ಕನ್ನಡದ ಅಡುಗೆಯಲ್ಲಿ ಜೀರಿಗೆ ಒಗ್ಗರಣೆಗಿಂತ ಹೆಚ್ಚಾಗಿ ತೆಂಗಿನಕಾಯಿಯ ಜೊತೆ ಅರೆಯುವ ಸಾಮಗ್ರಿ. ಜೀರಿಗೆ, ಕಾಳುಮೆಣಸುಗಳನ್ನು ತುಪ್ಪದಲ್ಲಿ ಹುರಿದು ಕಾಯಿಯೊಂದಿಗೆ ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ. ಕೊತ್ತಂಬರಿ, ಜೀರಿಗೆ, ಮೆಣಸುಗಳನ್ನು ಹುರಿದು ಪುಡಿಮಾಡಿ ಹಾಲು ಬೆಲ್ಲದೊಡನೆ ಕುದಿಸಿದ ಕಷಾಯವನ್ನು ಅನೇಕ ಮನೆಗಳಲ್ಲಿ ಚಹಾದ ಬದಲು ಕುಡಿಯುತ್ತಾರೆ. ಜೀರ್ಣಕ್ಕೆ ಜೀರಿಗೆ ನೀರು ಕುಡಿಯುವ ರೂಢಿ ಎಲ್ಲೆಡೆಯಿದೆ. ಆದರೆ ಅದರಿಂದಲೇ ದೊಡ್ಡ ರೋಗಗಳು ಗುಣವಾಗುತ್ತವೆಂಬ ಪ್ರಚಾರವನ್ನು ನಂಬಿ ವೈದ್ಯರ ಔಷಧವನ್ನು ಬಿಡುವುದು ಅಪಾಯ. ಕನ್ನಡ ನಾಡಿನ ಹಲವು ಸಮುದಾಯಗಳ ಮದುವೆಯಲ್ಲಿ ಮುಹೂರ್ತದ ಹೊತ್ತಿಗೆ ವಧೂವರರು ಜೀರಿಗೆ–ಬೆಲ್ಲವನ್ನು ಪರಸ್ಪರರ ತಲೆಯ ಮೇಲಿರಿಸುತ್ತಾರೆ.

ಜೀರಿಗೆಯ ಹೆಸರು ಹೊತ್ತ ಸ್ಥಳೀಯ ಬೆಳೆಗಳು

ಜೀರಿಗೆ ಬೆಳೆಯದ ಈ ನಾಡಿನಲ್ಲಿ ಅದರ ಹೆಸರನ್ನು ಹೊತ್ತ ಬೆಳೆಗಳು ಮಾತ್ರ ಹಲವು. ಮಲೆನಾಡಿನ ‘ಜೀರಿಗೆ ಸಣ್ಣ’ ಸುವಾಸನೆಯ ದೇಸಿ ಭತ್ತದ ತಳಿ. ಕಾಳಿನ ಸಣ್ಣ ಗಾತ್ರವನ್ನು ಹೆಸರೇ ಹೇಳುತ್ತದೆ. ಕರಾವಳಿಯ ‘ಜೀರಿಗೆ ಮೆಣಸು’ ಹಿತ್ತಿಲಲ್ಲಿ ಹಕ್ಕಿಗಳು ಬಿತ್ತಿದಂತೆ ತಾನೇ ಹುಟ್ಟುವ, ಮೇಲ್ಮುಖವಾಗಿ ಕಾಯಿ ಬಿಡುವ ಪುಟ್ಟ ಖಾರದ ಮೆಣಸಿನಕಾಯಿ. ಸೂಜಿ ಮೆಣಸೆಂದೂ ಇದನ್ನು ಕರೆಯುತ್ತಾರೆ.

ಇವೆಲ್ಲಕ್ಕಿಂತ ಹೆಸರಾದುದು ‘ಜೀರಿಗೆ ಅಪ್ಪೆ’. ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ ನದಿಗಳ ದಂಡೆಯ ಕಾಡುಮಾವಿನ ಮರಗಳ ಎಳೆಯ ಮಿಡಿಗಳಲ್ಲಿ, ತೊಟ್ಟು ಮುರಿದೊಡನೆ ಚಿಮ್ಮುವ ಸೊನೆಯಲ್ಲಿ, ಜೀರಿಗೆಯ ಪರಿಮಳವೇ ಇರುತ್ತದೆ. ಉಪ್ಪಿನಕಾಯಿಗೆ ಇದೇ ಶ್ರೇಷ್ಠವೆಂಬುದು ಜಿಲ್ಲೆಯ ಸರ್ವಸಮ್ಮತ ಅಭಿಪ್ರಾಯ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಅದೇ ಮಾನ್ಯತೆ ಬಂದಿತು. ಆದರೆ ಎತ್ತರದ ಮರ ಹತ್ತಿ ಮಿಡಿ ಇಳಿಸುವ ಕಷ್ಟಕ್ಕೆ ಕೊಂಬೆಗಳನ್ನೇ ಕಡಿದು ಕೆಡಹುವ ಪರಿಪಾಠ ಹಬ್ಬಿದ್ದರಿಂದ ಹೊಳೆದಂಡೆಯ ಅನೇಕ ಹಳೆಯ ಮರಗಳು ನಾಶವಾಗಿವೆ. ಅಪ್ಪೆಯ ಗುಣ ಮರದಿಂದ ಮರಕ್ಕೆ ಬೇರೆಯಾಗಿದ್ದು, ಗೊರಟೆ ನೆಟ್ಟರೆ ತಾಯಿಮರದ ಪರಿಮಳ ಬಂದೇ ಬರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಆಯ್ದ ಮರಗಳ ಕಡ್ಡಿ ತಂದು ಕಸಿ ಮಾಡಿ ಉಳಿಸುವ ಕೆಲಸವನ್ನು ಶಿರಸಿ, ಸಾಗರ ಭಾಗದ ಕೃಷಿಕರು ಮತ್ತು ನರ್ಸರಿಗಳು ನಡೆಸುತ್ತಿದ್ದಾರೆ. ಕಸಿ ಗಿಡಗಳು ತಗ್ಗಾಗಿ ಬೆಳೆಯುವುದರಿಂದ ಮಿಡಿಯನ್ನು ನೆಲದ ಮೇಲೆ ನಿಂತೇ ಕೊಯ್ಯಬಹುದಾಗಿದೆ.